ಚಿಕ್ಕದು ಮೊದಲು

ಜೂನ್ ೨, ಸೋಮವಾರ

ಡಾಕ್ಟರು ರಕ್ತದೊತ್ತಡ ಅಳೆದು, "ಅಮ್ಮ, ಸಿಟ್ಟು ಬಂದಾಗ ಬಾಯಿಗೆ ಕೊಡಬೇಡಿ, ಕಾಗದಕ್ಕೆ ಕೊಡಿ" ಎಂದರು. ಸೋಪಿನ ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಕೊಡುತ್ತಿದ್ದೇನೆ.

ಸಿಟ್ಟಿಗೆ ಕಾರಣ ನನ್ನ ಮಗಳ ಗಂಡ. ವಿದ್ಯುತ್ ಕಂಪನಿಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸದಲ್ಲಿದ್ದ. ಮೀಟರುಗಳು ತಮ್ಮನ್ನು ತಾವೇ ಓದಿಕೊಳ್ಳಲು ಕಲಿತ ಮೇಲೆ ಕಂಪನಿ ಇವನ ಕೈಗೆ ಒಂದಷ್ಟು ದುಡ್ಡಿಟ್ಟು ಬಾಗಿಲು ತೋರಿಸಿತು. ಚಳಿಗಾಲದಿಂದ ಗಂಡ ಹೆಂಡತಿ ನನ್ನ ಮನೆಯಲ್ಲಿದ್ದಾರೆ. ಕೆಳಗೆ ನನ್ನ ಲಾಂಡ್ರಿ, ಮೇಲೆ ನಾವು. ಮಗಳು ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಾಳೆ. ಈ ಮನುಷ್ಯ ಬೀದಿ ತುದಿಯ ಲಾಟರಿ ಅಂಗಡಿಗೆ ಹೋಗುತ್ತಾನೆ. ಟಿಕೆಟ್ ಕೊಳ್ಳುವುದಿಲ್ಲವಂತೆ, ಹಳೆಯ ಫಲಿತಾಂಶ ಕೇಳಲು ಹೋಗುತ್ತಾನಂತೆ. ಅವರು ಕೊಡುವುದಿಲ್ಲ, ಇವನು ಬಿಡುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ನನ್ನನ್ನು ಒಂದು ಮಾತು ಕೇಳದೆ ಮಗಳ ಕೈ ಹಿಡಿದವನು. ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಊಟಕ್ಕೆ ಕೂತಾಗ ಹೇಳಿದ. "ಅತ್ತೆ, ಇದು ಜೂಜಲ್ಲ, ಗಣಿತ. ಹಳೇ ಫಲಿತಾಂಶದಿಂದ ಮುಂದಿನದನ್ನ ಲೆಕ್ಕ ಹಾಕೋದು. ಮಾರ್ಕೋವ್ ಸರಪಳಿ ಅಂತಾರೆ."

"ಸರಪಳಿ ಕಾಲಿಗೆ ಹಾಕೋದು," ಎಂದೆ.

ಮಗಳು ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ನಕ್ಕಳು. ಯಾರನ್ನು ನೋಡಿ ನಕ್ಕಳೋ ತಿಳಿಯಲಿಲ್ಲ.

ಜೂನ್ ೪, ಬುಧವಾರ

ನೀರು ಸರಬರಾಜಿನ ಎಂಜಿನಿಯರು ನಮ್ಮ ಹಳೆಯ ಗಿರಾಕಿ. ಅವರ ಅಂಗಿಯ ಕಾಲರು ಇಪ್ಪತ್ತು ವರ್ಷದಿಂದ ನನ್ನ ಗಂಜಿಯಲ್ಲೇ ನಿಂತಿದೆ. ಅವರ ಆಫೀಸಿಗೆ ಹೋಗಿ ನೇರವಾಗಿ ಕೇಳಿದೆ. ದೂರದ ಊರಿನ ನೀರಿನ ಘಟಕದಲ್ಲಿ ಉಗ್ರಾಣದ ಕೆಲಸ ಖಾಲಿ ಇದೆಯಂತೆ. ಪೈಪು, ಕವಾಟ, ಬೀಗ ಎಲ್ಲ ನೋಡಿಕೊಳ್ಳುವುದು. ಇರಲು ಕ್ವಾರ್ಟರ್ಸ್ ಕೂಡ ಇದೆ. ಮೂವತ್ತನೇ ತಾರೀಖಿನೊಳಗೆ ಹೌದು ಅಥವಾ ಇಲ್ಲ ಅನ್ನಬೇಕು.

ಮನೆಗೆ ಬಂದು ಹೇಳಿದೆ. ಮಗಳ ಕಣ್ಣು ಅರಳಿತು. ಆ ಮನುಷ್ಯ ಮಾತ್ರ "ಸ್ವಲ್ಪ ಯೋಚಿಸ್ತೀನಿ ಅತ್ತೆ, ಸರಪಳಿ ಅರ್ಧಕ್ಕೆ ನಿಂತಿದೆ" ಎಂದ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನಿಗೆ ನಾವು ರೇಡಿಯೋ ಎನ್ನುತ್ತೇವೆ. ಬೆಳಿಗ್ಗೆ ಶುರುವಾದರೆ ಸಂಜೆ ಬಾಗಿಲು ಹಾಕುವವರೆಗೆ ಮಾತು. ಅವನಿಗೂ ಈ ಲಾಟರಿ ಲೆಕ್ಕದ ವಿಷಯ ಮುಟ್ಟಿತ್ತು. "ಅಮ್ಮ, ಗೆದ್ದರೆ ನನ್ನ ಮರೀಬೇಡಿ ಅಂತ ಅಳಿಯಂದಿರಿಗೆ ಹೇಳಿ," ಎಂದ.

"ಆ ಪ್ಯಾಂಟು ಸುಡ್ತಿದೆ ನೋಡು," ಎಂದೆ. ಸುಡುತ್ತಿರಲಿಲ್ಲ. ಬಾಯಿ ಮುಚ್ಚಿತಲ್ಲ, ಸಾಕು.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಬಾಯ್ಲರು ಕೆಟ್ಟು ಮೆಕ್ಯಾನಿಕ್ ಆಟ ಆಡಿಸಿದಾಗ ನಾನೇ ಅದನ್ನು ಬಿಚ್ಚಿ ಕಲಿತೆ. ಈ ಸರಪಳಿಯನ್ನೂ ಕಲಿಯುತ್ತೇನೆ. ಕಲಿತು, ಇವನ ಕಣ್ಣೆದುರೇ ಇದು ಬರೀ ಗಾಳಿಗೋಪುರ ಎಂದು ತೋರಿಸಿ, ಮೂವತ್ತರೊಳಗೆ ಗಂಟುಮೂಟೆ ಕಟ್ಟಿಸುತ್ತೇನೆ.

ಜೂನ್ ೬, ಶುಕ್ರವಾರ

ಹೈಸ್ಕೂಲಿನಲ್ಲಿ ಗಣಿತದಲ್ಲಿ ತರಗತಿಗೆ ನಾನೇ ಮುಂದಿದ್ದೆ. ಇದೇನೂ ಬ್ರಹ್ಮವಿದ್ಯೆಯಲ್ಲ.

ಪ್ರತಿ ಸಂಜೆ ಟೀವಿಯಲ್ಲಿ ಗಾಜಿನ ಡ್ರಮ್ಮು ತಿರುಗಿಸುತ್ತಾರೆ. ಒಳಗೆ ಒಂದರಿಂದ ಮೂವತ್ತರವರೆಗೆ ಚೆಂಡುಗಳು. ಒಂದಾದ ಮೇಲೊಂದು ಮೂರು ಚೆಂಡು ಹೊರಗೆ ಬರುತ್ತವೆ. ಟಿಕೆಟ್ಟಿನಲ್ಲಿ ಬರೆದ ಮೂರು ಅಂಕಿ ಅದೇ ಕ್ರಮದಲ್ಲಿ ಬಂದರೆ ದೊಡ್ಡ ಬಹುಮಾನ. ನನ್ನ ಮನೆಯಲ್ಲಿ ಆ ಕಾರ್ಯಕ್ರಮ ಹಾಕುವಂತಿಲ್ಲ. ಹಾಗಾಗಿ ಇದುವರೆಗೆ ಯಾರೂ ನೋಡಿಲ್ಲ.

ಆ ಮನುಷ್ಯ ನನ್ನ ಗಂಜಿಯ ಖಾಲಿ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೆ ಒಂದೊಂದು ನಂಬರು ಅಂಟಿಸಿದ್ದ. "ಏಳು ಬಂದಮೇಲೆ ಹನ್ನೆರಡು ಬಂತು ಅನ್ಕೊಳ್ಳಿ. ಏಳನೇ ಡಬ್ಬಿಗೆ ಹನ್ನೆರಡು ಅಂತ ಒಂದು ಚೀಟಿ. ಹನ್ನೆರಡಾದ ಮೇಲೆ ಮೂರು ಬಂದ್ರೆ ಹನ್ನೆರಡನೇ ಡಬ್ಬಿಗೆ ಮೂರು. ಇವತ್ತಿನ ಕೊನೇದಕ್ಕೂ ನಾಳೆಯ ಮೊದಲನೇದಕ್ಕೂ ಹಾಗೇ ಕೊಂಡಿ. ಎರಡು ವರ್ಷದ್ದು ಹಾಕಿದ್ರೆ ಯಾವುದರ ಹಿಂದೆ ಯಾವುದು ಬರುತ್ತೆ ಅಂತ ಡಬ್ಬೀನೇ ಹೇಳುತ್ತೆ."

"ಏಳಕ್ಕೆ ಮುಂಚೆ ಏನು ಬಂದಿತ್ತು ಅಂತ ನೋಡೋದು ಬೇಡ್ವಾ?"

"ಬೇಡ ಅತ್ತೆ. ಅದೇ ಇದರ ನಿಯಮ. ಈಗ ಎಲ್ಲಿದ್ದೀವೋ ಅಷ್ಟೇ ಲೆಕ್ಕ. ಅದಕ್ಕಿಂತ ಹಿಂದಿನದನ್ನ ನೋಡೋ ಹಾಗಿಲ್ಲ."

"ಹಿಂದಿನದನ್ನ ನೋಡದ ಲೆಕ್ಕ ನಿಮ್ಮಂಥವರಿಗೆ ಅನುಕೂಲವೇ ಬಿಡಿ," ಎಂದೆ.

ಅವನು ಡಬ್ಬಿಗಳನ್ನು ಸರಿ ಮಾಡತೊಡಗಿದ. ತಿರುಗಿ ಮಾತಾಡುವುದಿಲ್ಲ. ಅದೊಂದು ಗುಣ ಇದೆ.

ಲಾಟರಿ ಅಂಗಡಿಯವರು ಕೊಡದಿದ್ದರೇನು, ಬಟ್ಟೆ ಸುತ್ತುವುದಕ್ಕೆಂದು ನನ್ನ ಬಳಿ ಎರಡು ವರ್ಷದ ಪೇಪರು ರಾಶಿ ಬಿದ್ದಿದೆ. ಪ್ರತಿದಿನದ ಫಲಿತಾಂಶ ಕೊನೇ ಪುಟದ ಮೂಲೆಯಲ್ಲಿರುತ್ತದೆ. ಆದರೆ ಓದುವವಳು ನಾನೇ ಎಂದು ಮೊದಲೇ ಹೇಳಿಬಿಟ್ಟೆ. ಇವನ ಕೈಗೆ ಕೊಟ್ಟರೆ ತನಗೆ ಬೇಕಾದ ಹಾಗೆ ಓದಿಕೊಂಡಾನು.

ಜೂನ್ ೯, ಸೋಮವಾರ

ಶುರುವಾಯಿತು. ಮಧ್ಯಾಹ್ನ ಲಾಂಡ್ರಿಯಲ್ಲಿ ಗಿರಾಕಿ ಕಡಿಮೆ. ನಾನು ಪೇಪರಿನ ಮೂಲೆ ನೋಡಿ ಮೂರು ಅಂಕಿಯನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಓದುತ್ತೇನೆ. ಅವನು ಚೀಟಿ ಹಾಕುತ್ತಾನೆ. ತೊಳೆದು ಬಂದ ಗಂಟುಗಳನ್ನು ಮೂವತ್ತು ವರ್ಷ ನಂಬರಿನ ಪ್ರಕಾರ ಹಲಗೆಗೆ ಜೋಡಿಸಿದ ಕೈ ಇದು, ಅಂಕಿ ಕಂಡರೆ ತಡವರಿಸುವುದಿಲ್ಲ.

"ಅತ್ತೆ, ಸ್ವಲ್ಪ ನಿಧಾನ. ನನ್ನ ಕೈ ಡಬ್ಬಿ ಹುಡುಕೋ ಹೊತ್ತಿಗೆ ನೀವು ನಾಳೆಗೆ ಹೋಗಿರ್ತೀರಿ."

"ಮೀಟರ್ ಓದ್ತಿದ್ದದ್ದು ಹೀಗೇನಾ? ಅದಕ್ಕೇ ಕಂಪನಿ ಕಳಿಸಿದ್ದು."

ಅವನು ನಕ್ಕ. ನಗಲಿ ಎಂದು ಹೇಳಿದ್ದಲ್ಲ.

ಜೂನ್ ೧೨, ಗುರುವಾರ

ಒಂದು ವರ್ಷದ್ದು ಮುಗಿಯಿತು. ಬಿಸ್ಕತ್ತು ನಾನೇ ತಂದಿಟ್ಟಿದ್ದೆ. ಹಸಿದರೆ ತಪ್ಪು ಡಬ್ಬಿಗೆ ಹಾಕುತ್ತಾನೆ.

ಜೂನ್ ೧೬, ಸೋಮವಾರ

ಎರಡು ತಿಂಗಳ ಪೇಪರನ್ನು ಪರೀಕ್ಷೆಗೆಂದು ತೆಗೆದಿಟ್ಟು, ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ಮುಗಿಸಿದೆವು.

ಈಗ ಬರೆಯುವುದನ್ನು ನಾನೇ ನಂಬಲಾರೆ, ಆದರೂ ಬರೆಯುತ್ತೇನೆ. ಇಪ್ಪತ್ತೆಂಟರ ಡಬ್ಬಿ ಸುರುವಿ ನೋಡಿದೆವು. ಇಪ್ಪತ್ತೊಂಬತ್ತು, ಮೂವತ್ತು, ಇಲ್ಲವೇ ಒಂದು, ಎರಡು, ನಾಲ್ಕು, ಆರು. ನಡುವಿನವು ಬೆರಳೆಣಿಕೆ. ಮೂರರ ಡಬ್ಬಿಯಲ್ಲಿ ಎಲ್ಲ ಅದಕ್ಕಿಂತ ದೊಡ್ಡವು. ಚಿಕ್ಕ ಅಂಕಿ ಬಂದರೆ ಮೇಲೆ ಹತ್ತುತ್ತದೆ, ತುದಿ ಮುಟ್ಟಿದರೆ ದಬಕ್ಕನೆ ಕೆಳಗೆ ಬೀಳುತ್ತದೆ.

"ಹತ್ತಿ ಹತ್ತಿ ಸುಸ್ತಾಗುತ್ತೆ ಅತ್ತೆ," ಎಂದ ಅಳಿಯ.

"ನನ್ನ ಮೊಣಕಾಲಿನ ಹಾಗೆ."

ನಂತರ ಪರೀಕ್ಷೆ. ತೆಗೆದಿಟ್ಟ ಪೇಪರುಗಳಿಂದ ನಾನು ಒಂದು ಅಂಕಿ ಓದುವುದು, ಮುಂದಿನದನ್ನು ಅವನು ಡಬ್ಬಿ ನೋಡಿ ಹೇಳುವುದು. ಕಣ್ಣು ಮುಚ್ಚಿ ಹೇಳಿದರೆ ಮೂವತ್ತರಲ್ಲಿ ಒಂದು ಸರಿ ಬರಬೇಕಂತೆ. ಹತ್ತರಲ್ಲಿ ಒಂದು ಬಂತು. ಎರಡು ಸಲ ಮಾಡಿಸಿದೆ. ಮತ್ತೆ ಅಷ್ಟೇ.

ಮುರಿಯಲೆಂದು ಹೋದದ್ದು ನನ್ನ ಕೈಯಲ್ಲಿ ಮುರಿಯಲಿಲ್ಲ. ಹಾಗೆಂದು ಸುಳ್ಳು ಹೇಳುವವಳಲ್ಲ. ಸರಿ ಇದ್ದದ್ದನ್ನು ಸರಿ ಎನ್ನಬೇಕು.

ಜೂನ್ ೧೮, ಬುಧವಾರ

ಮಗಳು ಲ್ಯಾಬಿನಿಂದ ಬಂದವಳು ಮೆಟ್ಟಿಲಲ್ಲೇ ನಿಂತಿದ್ದಳಂತೆ. "ಅಮ್ಮ, ನೀನು ಅವರ ಜೊತೆ ನಗ್ತಿದ್ದೆ."

"ನಗಲಿಲ್ಲ. ಕೆಮ್ಮಿದೆ."

"ಅಷ್ಟು ಹೊತ್ತಾ?"

"ಧೂಳು. ಹಳೇ ಪೇಪರಲ್ವಾ."

ಆಮೇಲೆ ತಟ್ಟೆ ಒರೆಸುತ್ತ, ಕೆಲಸದ ವಿಷಯ ನೀನೊಂದು ಮಾತು ಹೇಳು, ನೀನು ಹೇಳಿದರೆ ಕೇಳುತ್ತಾರೆ ಎಂದಳು. ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಹಿಂದೆ ಸ್ವಲ್ಪ ಜಾಗ ಇದೆಯಂತೆ. ಅಲ್ಲಿನ ಆಸ್ಪತ್ರೆಯಲ್ಲೂ ವಿಚಾರಿಸಿದ್ದಾಳೆ, ಲ್ಯಾಬಿಗೆ ಜನ ಬೇಕಂತೆ. "ನಮ್ಮದೇ ಒಂದು ಅಡಿಗೆಮನೆ ಇರುತ್ತೆ ಅಮ್ಮ. ಮೊದಲು ಬಾಡಿಗೆ ಮನೆ, ಈಗ ಇಲ್ಲಿ, ಇಷ್ಟು ವರ್ಷದಲ್ಲಿ ಒಂದು ಗೋಡೆಗೂ ನಾನು ಮೊಳೆ ಹೊಡೆದಿಲ್ಲ."

"ಇಲ್ಲಿ ಹೊಡಿ. ಯಾರು ಬೇಡ ಅಂದ್ರು?"

"ನೀನೇ ಅಂದೆ. ಗೋಡೆ ಹಾಳಾಗುತ್ತೆ ಅಂತ."

ಹೇಳಿರಬಹುದು. ಗೋಡೆ ಹಾಳಾಗುವುದು ನಿಜ.

ಜೂನ್ ೨೧, ಶನಿವಾರ

ಎಂಜಿನಿಯರು ಅಂಗಿ ಒಯ್ಯಲು ಬಂದಿದ್ದರು. ಅಳಿಯಂದಿರು ಏನಂದ್ರು ಎಂದು ಕೇಳಿದರು.

"ಯೋಚಿಸ್ತಿದ್ದಾನೆ. ಮೂವತ್ತರವರೆಗೆ ಟೈಮಿದೆಯಲ್ಲ, ಅವಸರ ಏನು?" ಎಂದೆ.

ಅವರು ನನ್ನ ಮುಖ ನೋಡಿದರು. ಕಾಲರು ಈ ಸಲ ಸ್ವಲ್ಪ ಗಟ್ಟಿಯಾಗಿದೆ ಎಂದು ಕಾಣುತ್ತದೆ.

ಜೂನ್ ೨೩, ಸೋಮವಾರ

ಇವತ್ತು ಮೊದಲ ಸಲ ಟೀವಿಯಲ್ಲಿ ಡ್ರಾ ಹಾಕಿಸಿದೆ. ಮನೆಯಲ್ಲಿ ಪರೀಕ್ಷೆ ಪಾಸಾದ ಮೇಲೆ ಹೊರಗೆ ನೋಡದಿದ್ದರೆ ಹೇಗೆ? ನಿನ್ನೆಯ ಕೊನೆಯದು ಇಪ್ಪತ್ತೈದು ಎಂದು ಪೇಪರಿನಲ್ಲಿ ನೋಡಿ ನಾನೇ ಹೇಳಿದ್ದೆ. ಡಬ್ಬಿಯ ಪ್ರಕಾರ ಇಂದು ಎರಡೋ ಇಪ್ಪತ್ತೇಳೋ ಬರಬೇಕು.

ಮೊದಲು ಹತ್ತೊಂಬತ್ತು ಉರುಳಿ ಬಂತು. ನಂತರ ಆರು. ಅಳಿಯ ಎದ್ದು ನಿಂತ. ಕೊನೆಗೆ ಇಪ್ಪತ್ತೇಳು. "ನೋಡಿ, ಬಂತು," ಎಂದು ನಾನು ಕುರ್ಚಿಯ ಕೈ ತಟ್ಟಿದೆ. ಬರಬೇಕಾದ ಜಾಗದಲ್ಲಿ ಬರಲಿಲ್ಲ, ನಿಜ. ಆದರೆ ಬಂತು.

ನೆನಪಿಗಿರಲಿ, ಇಂದಿನ ಫಲಿತಾಂಶ: ೬, ೧೯, ೨೭.

ಜೂನ್ ೨೫, ಬುಧವಾರ

ನಿನ್ನೆಯೂ ತಪ್ಪು, ಇವತ್ತೂ ತಪ್ಪು. ಡ್ರಮ್ಮು ಬದಲಾಯಿಸಿರಬೇಕು ಎಂದೆ. ಅಳಿಯ ತಲೆಯಾಡಿಸಿದ. "ಮೂರು ದಿನದ್ದು ಸುಳ್ಳಾಗಬಹುದು ಅತ್ತೆ. ಎರಡು ವರ್ಷದ್ದು ಸುಳ್ಳಾಗಲ್ಲ."

ಸೋಮವಾರ ಎಂಜಿನಿಯರಿಗೆ ಫೋನ್ ಮಾಡಿ ಬೇಡ ಎನ್ನುತ್ತಾನಂತೆ. ಅವತ್ತೇ ಕಂಪನಿ ಕೊಟ್ಟ ದುಡ್ಡು ಪೂರ್ತಿ ತೆಗೆದು, ಕೊನೆಯ ಚೆಂಡು ಇಪ್ಪತ್ತಾರಕ್ಕಿಂತ ಮೇಲಿನದು ಬಂದ ದಿನಗಳ ಮಾರನೆಯ ದಿನಕ್ಕೆಲ್ಲ ಟಿಕೆಟ್ ಕೊಳ್ಳುತ್ತಾನಂತೆ. ಇಷ್ಟು ಖಚಿತವಾಗಿ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದೇ ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಅವರು ಇಲ್ಲೇ ಉಳಿದರೆ ಮಹಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿಕೊಡಬಹುದು. ಮೊಳೆ ಹೊಡೆಯಲಿ.

ಜೂನ್ ೨೭, ಶುಕ್ರವಾರ

ನಿನ್ನೆ ಸಂಜೆಯ ಡ್ರಾದಲ್ಲಿ ಐದು ಬಂದ ಮೇಲೆ ಎರಡು ಬಂತು. ರಾತ್ರಿಯಿಡೀ ಅದೇ ಕೊರೆಯುತ್ತಿತ್ತು. ಬೆಳಿಗ್ಗೆ ಐದರ ಡಬ್ಬಿ ಸುರುವಿದೆ. ಐದಕ್ಕಿಂತ ಚಿಕ್ಕದು ಒಂದೂ ಇಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಆಗದ್ದು, ನಾನು ಟೀವಿ ಹಾಕಿದ ವಾರವೇ ಆಗಬೇಕೇ?

ಲಾಂಡ್ರಿಯಲ್ಲಿ ಗಂಟುಗಳು ಬಂದಿದ್ದವು. ರೇಡಿಯೋ ನಂಬರು ಕೂಗುತ್ತಿದ್ದ, ನಾನು ಹಲಗೆಗೆ ಇಡುತ್ತಿದ್ದೆ. "ಐವತ್ತೊಂದು, ಹದಿಮೂರು, ನಲವತ್ತು," ಎಂದು ಕೂಗಿ, ಹಲಗೆ ನೋಡಿ ನಕ್ಕ. "ಅಮ್ಮ, ನಾನು ಹೇಗೆ ಕೂಗಿದ್ರೂ ನಿಮ್ಮ ಕೈಯಲ್ಲಿ ಹದಿಮೂರೇ ಮೊದಲು. ನಿಮ್ಮನ್ನ ಬಸ್ಸಲ್ಲಿ ಬಿಟ್ರೆ ಜನರನ್ನೂ ಎತ್ತರದ ಪ್ರಕಾರ ಕೂರಿಸ್ತೀರಿ."

"ಕೆಲಸ ನೋಡು," ಎಂದೆ. ಒಬ್ಬರ ಕೋಟು ಸುತ್ತಲು ಪೇಪರು ಎಳೆದುಕೊಂಡೆ. ಕೊನೇ ಪುಟ ಮೇಲೆ ಬಂತು. ಮೂಲೆಯಲ್ಲಿ ಅಚ್ಚಾಗಿತ್ತು: ೨೪, ೩, ೧೧. ಪಕ್ಕದಲ್ಲಿ ನನ್ನ ಪೆನ್ಸಿಲಿನ ಗುರುತು: ೩, ೧೧, ೨೪.

ಇನ್ನೊಂದು ತೆಗೆದೆ. ಮತ್ತೊಂದು. ಎಲ್ಲದರಲ್ಲೂ ಅಚ್ಚು ಒಂದು ಹೇಳುತ್ತದೆ, ನನ್ನ ಪೆನ್ಸಿಲ್ ಇನ್ನೊಂದು ಹೇಳುತ್ತದೆ. ಚಿಕ್ಕದು ಮೊದಲು, ದೊಡ್ಡದು ಕೊನೆಗೆ, ಹಲಗೆಯ ಮೇಲಿನ ಗಂಟುಗಳ ಹಾಗೆ.

ಮೇಲೆ ಬಂದು ಈ ಡೈರಿ ತಿರುವಿದೆ. ಸೋಮವಾರ ಹತ್ತೊಂಬತ್ತು ಮೊದಲು ಬಂತು ಎಂದು ಬರೆದವಳೂ ನಾನೇ, ಅದರ ಕೆಳಗೇ ೬, ೧೯, ೨೭ ಎಂದು ಬರೆದವಳೂ ನಾನೇ.

ಹತ್ತುತ್ತಿದ್ದದ್ದು ಡ್ರಮ್ಮಲ್ಲ.

ಜೂನ್ ೨೮, ಶನಿವಾರ

ಹೇಳದಿದ್ದರೆ ಏನಾಗುತ್ತದೆ? ಸೋಮವಾರ ಅವನು ಬೇಡ ಎನ್ನುತ್ತಾನೆ. ಇಲ್ಲೇ ಇರುತ್ತಾನೆ. ಮಧ್ಯಾಹ್ನ ಮೇಜಿಗೆ ಬರುತ್ತಾನೆ. ದುಡ್ಡು ಹೋದ ಮೇಲೆ ಎಲ್ಲಿಗೂ ಹೋಗಲಾರ.

ಇಷ್ಟು ಬರೆದು ಓದಿದೆ. ಇದನ್ನು ಬರೆದವಳು ನಾನೇ ಎಂದು ಯಾರಾದರೂ ಹೇಳಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ.

ನನ್ನ ಲಾಂಡ್ರಿಯಿಂದ ಒಂದು ಗುಂಡಿ ಕಳೆದರೆ ಗಿರಾಕಿ ಕೇಳುವ ಮೊದಲು ನಾನೇ ಹೇಳುತ್ತೇನೆ. ನಾಳೆ ಹೇಳುತ್ತೇನೆ.

ಜೂನ್ ೨೯, ಭಾನುವಾರ

ಊಟವಾದ ಮೇಲೆ ಪೇಪರುಗಳನ್ನು ಮೇಜಿನ ಮೇಲೆ ಹಾಕಿ, "ಇವತ್ತು ನೀವು ಓದಿ, ನಾನು ಹಾಕ್ತೀನಿ," ಎಂದೆ. ಮಗಳನ್ನೂ ಕೂರಿಸಿದೆ. ಹೇಳುವುದಿದ್ದರೆ ಎಲ್ಲರ ಮುಂದೆ.

ಅವನಿಗೆ ಅರ್ಥವಾಗಲಿಲ್ಲ, ಆದರೂ ಓದಿದ. "ಇಪ್ಪತ್ತೆರಡು, ನಾಲ್ಕು, ಹದಿನೇಳು. ಒಂಬತ್ತು, ಮೂವತ್ತು, ಎಂಟು." ಐದಾರು ದಿನದ್ದು ಓದುವಷ್ಟರಲ್ಲಿ ದನಿ ನಿಧಾನವಾಯಿತು. ಒಂದು ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಪೆನ್ಸಿಲಿನ ಗುರುತು ನೋಡಿದ. ಇನ್ನೊಂದು ನೋಡಿದ.

"ಅತ್ತೆ, ಎಲ್ಲದರಲ್ಲೂ ಹೀಗೇನಾ?"

"ಎಲ್ಲದರಲ್ಲೂ."

"ಹಾಗಾದ್ರೆ ಆ ಹತ್ತೋದು, ಇಳಿಯೋದು?"

"ಅದು ನನ್ನದು. ಜೋಡಿಸಿದ್ದು ನಾನು. ಬೇಕಂತ ಮಾಡಿದ್ದಲ್ಲ, ಗೊತ್ತಾಗದೆ ಮಾಡಿದ್ದು. ತಪ್ಪು ನನ್ನದೇ."

ಕೆಳಗೆ ಬೀದಿಯಲ್ಲಿ ಯಾರೋ ಷಟರು ಎಳೆದ ಸದ್ದು. ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಆ ಮಾತು ಅವಳು ಕೇಳಿದ್ದು ಇದೇ ಮೊದಲಿರಬೇಕು.

ಅವನು ಪೇಪರುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಗೆ, "ನಾನೊಂದು ಸಲ ಪೇಪರ್ ತಿರುಗಿಸಿ ನೋಡಬೇಕಿತ್ತು," ಎಂದ.

"ಯಾಕೆ ನೋಡಲಿಲ್ಲ?"

"ನೀವು ಓದಿದ್ದನ್ನ ಈ ಮನೇಲಿ ಯಾರು ಪರೀಕ್ಷೆ ಮಾಡ್ತಾರೆ ಅತ್ತೆ?"

ಎದ್ದು ಡಬ್ಬಿಗಳನ್ನು ಒಂದೊಂದಾಗಿ ಬುಟ್ಟಿಗೆ ಸುರುವಿದೆ. "ಕೂತ್ಕೊ. ಮೊದಲಿಂದ ಹಾಕೋಣ. ನೀನು ಓದು. ಸುಳ್ಳನ್ನ ನಾನು ಅಷ್ಟು ನೀಟಾಗಿ ಮಾಡಿದ್ದೀನಿ, ನಿಜಾನೂ ಒಂದು ಸಲ ನೋಡೇ ಬಿಡೋಣ."

ಪೇಪರು ಅರ್ಧದಷ್ಟೇ ಉಳಿದಿತ್ತು. ಮಿಕ್ಕದ್ದು ಗಿರಾಕಿಗಳ ಅಲಮಾರಿಗಳಲ್ಲಿ ಕೋಟುಗಳನ್ನು ಸುತ್ತಿಕೊಂಡು ಕೂತಿದೆ. ಇದ್ದಷ್ಟನ್ನು ಮೂವರೂ ಸೇರಿ ಹಾಕಿದೆವು. ಅವನು ಓದಿದ, ನಾನು ಹಾಕಿದೆ. ಮಗಳು ನನ್ನ ಪಕ್ಕ ಕೂತು ಪ್ರತಿ ಚೀಟಿಯನ್ನೂ ಪರೀಕ್ಷಿಸಿದಳು. ಎರಡು ಕಡೆ ನನ್ನನ್ನು ತಿದ್ದಿದಳು. ತಿದ್ದಲಿ.

ಸಂಜೆ ಇಪ್ಪತ್ತೆಂಟರ ಡಬ್ಬಿ ಸುರುವಿದಾಗ ಎಲ್ಲ ತರಹದವೂ ಇದ್ದವು. ಮೂರರದ್ದರಲ್ಲೂ ಹಾಗೇ. ಡ್ರಮ್ಮಿಗೆ ಹಿಂದಿನದೂ ನೆನಪಿಲ್ಲ, ಈಗಿನದೂ ನೆನಪಿಲ್ಲ. ಚೆಂಡುಗಳು ಸುಮ್ಮನೆ ಬರುತ್ತವೆ.

ಅಳಿಯ ಚೀಟಿಗಳನ್ನು ಬೆರಳಿಂದ ಆಡಿಸುತ್ತ ಇದ್ದ. "ಚಂದ ಇತ್ತು ಅತ್ತೆ, ನಿಮ್ಮ ಸರಪಳಿ," ಎಂದ.

"ಚಂದ ಇರದೆ ಏನು. ಮೂವತ್ತು ವರ್ಷದ ಕೈ," ಎಂದೆ. ಆಮೇಲೆ ಹೇಳಿದೆ: "ನಾಳೆ ಬೆಳಿಗ್ಗೆ ಎಂಜಿನಿಯರಿಗೆ ಫೋನ್ ಮಾಡು. ಹೌದು ಅನ್ನು. ಉಗ್ರಾಣದಲ್ಲಿ ಯಾರು ಏನು ಓದಿ ಹೇಳಿದ್ರೂ ಒಂದು ಸಲ ನೀನೇ ನೋಡು. ನನ್ನಂಥವರು ಎಲ್ಲಾ ಕಡೆ ಇರ್ತಾರೆ."

ಜೂನ್ ೩೦, ಸೋಮವಾರ

ಫೋನ್ ಮಾಡಿದ. ಹೌದು ಎಂದ.

ಜುಲೈ ೪, ಶುಕ್ರವಾರ

ಅವನ ಐದು ಅಂಗಿಗಳನ್ನು ನಾನೇ ತೊಳೆದು ಗಂಜಿ ಹಾಕಿದೆ. ಉಗ್ರಾಣದವನ ಕಾಲರು ಬಿದ್ದಿದ್ದರೆ ಯಾರು ಮಾತು ಕೇಳುತ್ತಾರೆ? ಇಸ್ತ್ರಿಗೆ ರೇಡಿಯೋ ಕೈ ಚಾಚಿದ. ಕೊಡಲಿಲ್ಲ.

"ಅಳಿಯಂದಿರಿಗೆ ಸ್ಪೆಷಲ್ಲಾ ಅಮ್ಮ? ಹನ್ನೊಂದು ವರ್ಷ ಅವರ ಹೆಸರೆತ್ತಿದ್ರೆ ಉರೀತಿದ್ರಿ."

"ಅದು ಹಿಂದಿನದು. ಲೆಕ್ಕಕ್ಕಿಲ್ಲ," ಎಂದೆ. ಅವನಿಗೆ ಮಾರ್ಕೋವ್ ಗೊತ್ತಿಲ್ಲ, ವಿವರಿಸುತ್ತ ಕೂರಲು ಪುರುಸೊತ್ತೂ ಇರಲಿಲ್ಲ.

ಜುಲೈ ೬, ಭಾನುವಾರ

ಹೋದರು. ಡಬ್ಬಿಗಳಲ್ಲಿ ಒಂದು ಕಡಿಮೆಯಿದೆ. ಮೊಳೆ ಹಾಕಿಕೊಳ್ಳಲು ಮಗಳು ಒಯ್ದಿದ್ದಾಳೆ.

ಜುಲೈ ೧೨, ಶನಿವಾರ

ರಕ್ತದೊತ್ತಡ ಇಳಿದಿದೆ ಎಂದರು ಡಾಕ್ಟರು. ಡೈರಿಯ ಗುಣ ಎಂದುಕೊಂಡಿದ್ದಾರೆ.

ಡ್ರಾ ಶುರುವಾಗುವ ಹೊತ್ತಿಗೆ ದಿನಾ ಫೋನ್ ಬರುತ್ತದೆ. ಅವನು ಅಲ್ಲಿ ಟೀವಿ ಹಾಕುತ್ತಾನೆ, ನಾನು ಇಲ್ಲಿ ಹಾಕುತ್ತೇನೆ. ಟಿಕೆಟ್ಟಿಲ್ಲ, ಡಬ್ಬಿಯಿಲ್ಲ. ಒಬ್ಬೊಬ್ಬರು ಒಂದೊಂದು ಅಂಕಿ ಹೇಳುವುದು ಅಷ್ಟೇ. ಹಿಂದಿನಿಂದ ಮಗಳು ಗೋಡೆಗೆ ಏನೋ ಹೊಡೆಯುವ ಸದ್ದು ಕೇಳುತ್ತಿರುತ್ತದೆ. ಆ ಮನೆಯ ಗೋಡೆ ಉಳಿಯುವುದಿಲ್ಲ.

ಇವತ್ತು ಅವನು ಎಂಟು ಎಂದ, ನಾನು ಹದಿನೇಳು ಎಂದೆ. ಇಪ್ಪತ್ತೊಂದು ಬಂತು, ನಂತರ ನಾಲ್ಕು, ನಂತರ ಇಪ್ಪತ್ತಾರು.

"ಇಬ್ಬರೂ ಸೋತ್ವಿ ಅತ್ತೆ."

"ನಾಳೆ ನೋಡೋಣ," ಎಂದೆ.

ಇಂದಿನ ಫಲಿತಾಂಶ: ೨೧, ೪, ೨೬.